ಗುಜರಿ ಲೋಹವೂ ಮನೆಯ ಮಗುವೂ

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯೆಂದೊಡನೆ ಮಕ್ಕಳ ನಡುವಿನ ಅಂತರ, ಲಸಿಕೆ, ಗರ್ಭಿಣಿಯ ಆಹಾರ, ಬಾಣಂತಿಯ ಆರೈಕೆ ಇವುಗಳನ್ನು ಕುರಿತೇ ವೈದ್ಯರು ಮಾತನಾಡುವರೆಂದು ತಾವು ನಿರೀಕ್ಷಿಸುವುದು ಸಹಜ. ಇಂದು ನಾನು ಹೇಳಹೊರಟಿರುವುದು ಹಳೆಯ ಬ್ಯಾಟರಿ, ಬೆಳೆಗೆ ಹೊಡೆಯುವ ಔಷಧಿಯ ಖಾಲಿ ಡಬ್ಬ, ಸುಟ್ಟ ತಂತಿ ಮುಂತಾದ ಗುಜರಿ ಸಾಮಾನುಗಳ ವಿಷಯ. ಗುಜರಿಗೂ ಕುಟುಂಬ ಕಲ್ಯಾಣಕ್ಕೂ ಏನು ಸಂಬಂಧ ಎಂದು ತಮಗೆ ಅನ್ನಿಸಬಹುದು. ಸಂಬಂಧವಿದೆ. ಮಕ್ಕಳ ಸಂಖ್ಯೆ ಮಿತವಾಗಿದ್ದರೆ ಮಾತ್ರ ಸಾಲದು. ಹುಟ್ಟುವ ಪ್ರತಿಯೊಂದು ಮಗುವೂ ಆರೋಗ್ಯವಾಗಿ ಹುಟ್ಟಿ, ಬುದ್ಧಿವಂತನಾಗಿ ಬೆಳೆಯಬೇಕು. ಅದಕ್ಕೆ ಅಡ್ಡಿಯಾಗುವ ವಿಷವೊಂದು ಹಿತ್ತಿಲಿನಲ್ಲಿ ಬಿದ್ದಿರುವ ಹಳೆಯ ಲೋಹದಿಂದಲೇ ಬರುವುದಾದರೆ, ಅದನ್ನು ಗಂಡಹೆಂಡಿರಿಬ್ಬರಿಗೂ ತಿಳಿಸುವುದು ವೈದ್ಯನಾದವನ ಕರ್ತವ್ಯ.

ಹಳೆಯ ಲೋಹವನ್ನು ಬಿಸಾಡದೆ ಮತ್ತೆ ಬಳಸುವುದು ನಮ್ಮ ಹಿರಿಯರಿಂದ ಬಂದ ಒಳ್ಳೆಯ ಪದ್ಧತಿ. ಸವೆದ ನೇಗಿಲ ಗುಳವನ್ನು ಕಮ್ಮಾರನು ಕಾಯಿಸಿ ಬಡಿದು ಕುಡುಗೋಲು ಮಾಡಿಕೊಡುತ್ತಿದ್ದನು. ತೂತುಬಿದ್ದ ಹಿತ್ತಾಳೆಯ ಕೊಡವನ್ನು ಕೊಟ್ಟು ಹೊಸದನ್ನು ತರುತ್ತಿದ್ದರು. ಇದರಿಂದ ದೇಶದ ಸಂಪತ್ತು ಉಳಿಯುತ್ತದೆ, ಬಡವನ ಕೈಗೆ ನಾಲ್ಕು ಕಾಸು ಸೇರುತ್ತದೆ. ಗುಜರಿ ಕೆಲಸವನ್ನು ಕೀಳೆಂದು ಹೇಳಲು ನಾನು ಬಂದಿಲ್ಲ. ಯಾವ ಗುಜರಿಯನ್ನು ಮನೆಯಲ್ಲಿ ತೊಳೆಯಬಹುದು, ಯಾವುದನ್ನು ತೊಳೆಯಬಾರದು ಎಂಬ ಭೇದವನ್ನು ತಿಳಿಸುವುದಷ್ಟೇ ನನ್ನ ಉದ್ದೇಶ.

ಲೋಹಕ್ಕೆ ಅಂಟುವ ಕೊಳೆಯಲ್ಲಿ ಎರಡು ಬಗೆ. ಮಣ್ಣು, ತುಕ್ಕು, ಮಸಿ, ಸಗಣಿ ಇವು ಮೊದಲನೆಯ ಬಗೆ. ಇವನ್ನು ತೊಳೆದರೆ ನೀರಿನೊಡನೆ ಹೋಗುತ್ತವೆ. ಹೋದ ಮೇಲೆ ಯಾರಿಗೂ ಹೆಚ್ಚಿನ ಕೇಡಿಲ್ಲ. ಎರಡನೆಯ ಬಗೆ ವಿಷ. ಬ್ಯಾಟರಿಯೊಳಗಿನ ಸೀಸದ ಪುಡಿ, ಡಬ್ಬದ ತಳದಲ್ಲಿ ಉಳಿದ ಕೀಟನಾಶಕ ಇವು ಈ ಬಗೆಗೆ ಸೇರಿದವು. ಇವನ್ನು ತೊಳೆದರೂ ಲೋಹದಿಂದ ಬಿಟ್ಟು ಹೋಗುತ್ತವೆ, ನಿಜ. ಆದರೆ ಎಲ್ಲಿಗೆ ಹೋಗುತ್ತವೆ? ಈ ಒಂದು ಪ್ರಶ್ನೆಯನ್ನು ತಾವು ಸದಾ ಕೇಳಿಕೊಳ್ಳಬೇಕು. ಮನೆಯಲ್ಲಿ ತೊಳೆದ ವಿಷ ನಾಶವಾಗುವುದಿಲ್ಲ. ಲೋಹದಿಂದ ಅಂಗಳಕ್ಕೆ, ಅಂಗಳದಿಂದ ಕೈಗೆ, ಕೈಯಿಂದ ಬಾಯಿಗೆ ಸ್ಥಳ ಬದಲಿಸುತ್ತದೆ. ಲೋಹ ಶುದ್ಧವಾಯಿತು, ಮನೆ ಮಲಿನವಾಯಿತು. ನನ್ನ ಇಂದಿನ ಮಾತಿನ ಸಾರವೆಲ್ಲ ಇಷ್ಟೇ.

ಮೊದಲು ಬ್ಯಾಟರಿಯ ವಿಷಯವನ್ನು ತೆಗೆದುಕೊಳ್ಳೋಣ. ಟ್ರ್ಯಾಕ್ಟರ್, ಆಟೋರಿಕ್ಷಾ, ಲಾರಿ, ಕರೆಂಟು ಹೋದಾಗ ದೀಪ ಉರಿಸುವ ಯುಪಿಎಸ್ ಇವುಗಳಲ್ಲಿರುವ ಭಾರವಾದ ಬ್ಯಾಟರಿಗಳು ಇಂದು ಹಳ್ಳಿಹಳ್ಳಿಗೂ ಬಂದಿವೆ. ಇಂತಹ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತಲೂ ಹೆಚ್ಚು ಭಾಗ ಸೀಸವೇ ಇರುತ್ತದೆ. ಉಳಿದದ್ದು ಪ್ಲಾಸ್ಟಿಕ್ ಪೆಟ್ಟಿಗೆ ಹಾಗೂ ಮೈಗೆ ಬಿದ್ದರೆ ಸುಡುವ ಗಂಧಕಾಮ್ಲ. ಸೀಸಕ್ಕೆ ಒಳ್ಳೆಯ ಬೆಲೆಯಿದೆ. ಎಷ್ಟು ಸಾರಿ ಕರಗಿಸಿದರೂ ಅದರ ಗುಣ ಕೆಡುವುದಿಲ್ಲವಾದ್ದರಿಂದ ಅದನ್ನು ಮತ್ತೆ ಮತ್ತೆ ಹೊಸ ಬ್ಯಾಟರಿಗೆ ಬಳಸುತ್ತಾರೆ. ಈ ಆಸೆಯಿಂದ ಕೆಲವರು ಬ್ಯಾಟರಿಯನ್ನು ಇಡಿಯಾಗಿ ಮಾರದೆ, ಕೊಡಲಿಯಿಂದ ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ಒಳಗಿನ ಫಲಕಗಳನ್ನು ನೀರಿನಲ್ಲಿ ತೊಳೆದು, ಬಾಣಲೆಯಲ್ಲಿ ಕರಗಿಸಿ ಗಟ್ಟಿ ಮಾಡಿ ಮಾರುತ್ತಾರೆ. ಸೀಸವು 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವುದರಿಂದ ಸೌದೆಯ ಒಲೆಯೂ ಇದಕ್ಕೆ ಸಾಕಾಗುತ್ತದೆ. ಕೆಲಸ ಸುಲಭವಾಗಿರುವುದೇ ಇದರ ಅಪಾಯ.

ಹಾಗೆ ಮಾಡಿದ ಮನೆಯೊಂದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಫಲಕದ ಮೇಲಿನ ಬೂದುಬಣ್ಣದ ಹಿಟ್ಟಿನಂತಹ ಪದಾರ್ಥವು ಒಡೆಯುವಾಗ ನೆಲಕ್ಕೆ ಉದುರುತ್ತದೆ. ತೊಳೆದ ನೀರಿನಲ್ಲಿ ಅದೇ ಹಿಟ್ಟು ಹರಿದು ಹಿತ್ತಿಲಿನ ಸೊಪ್ಪಿನ ಮಡಿಗೆ ಸೇರುತ್ತದೆ. ಕರಗಿಸುವಾಗ ಏಳುವ ಹೊಗೆಯಲ್ಲಿ ಸೀಸದ ನವುರಾದ ಕಣಗಳಿರುತ್ತವೆ. ಅವು ಗಾಳಿಯಲ್ಲಿ ತೇಲಿ ಒಣಹಾಕಿದ ಹಪ್ಪಳ, ಬಟ್ಟೆ, ಮುಚ್ಚಳವಿಲ್ಲದ ಕೊಡ ಇವುಗಳ ಮೇಲೆ ಕೂರುತ್ತವೆ. ಸಂಜೆ ಮನೆಯೊಡೆಯನು ಅದೇ ಪಂಚೆಯಲ್ಲಿ ಒಳಗೆ ಬರುತ್ತಾನೆ. ಅಂಬೆಗಾಲಿಡುವ ಮಗು ಬಂದು ತಂದೆಯ ಕಾಲನ್ನು ತಬ್ಬಿಕೊಳ್ಳುತ್ತದೆ. ಅದೇ ಕೈಯನ್ನು ಬಾಯಲ್ಲಿಟ್ಟು ಚೀಪುತ್ತದೆ. ತಾಯಿಯು ಆ ಪಂಚೆಯನ್ನು ಮಗುವಿನ ಬಟ್ಟೆಯೊಡನೆಯೇ ಒಗೆಯುತ್ತಾಳೆ. ಯಾರೂ ಯಾವ ತಪ್ಪನ್ನೂ ಬೇಕೆಂದು ಮಾಡಿಲ್ಲ. ಆದರೂ ವಿಷವು ಮನೆಯ ಅತ್ಯಂತ ಎಳೆಯ ಜೀವದ ಹೊಟ್ಟೆಯನ್ನು ಸೇರಿಬಿಟ್ಟಿತು.

ಚೆನ್ನಾಗಿ ನೀರು ಹೊಯ್ದು ತೊಳೆದರೆ, ಸೋಪು ಹಾಕಿದರೆ, ಹುಣಸೆಹಣ್ಣು ತಿಕ್ಕಿದರೆ, ಸುಣ್ಣ ಹಾಕಿದರೆ ಸೀಸ ಹೋಗುವುದಿಲ್ಲವೇ ಎಂದು ಕೇಳುವವರುಂಟು. ಸುಣ್ಣದಿಂದ ಆಮ್ಲದ ಉರಿ ತಗ್ಗಬಹುದು, ಸೀಸ ಕಡಮೆಯಾಗದು. ಸೀಸವು ಚಿನ್ನ, ಕಬ್ಬಿಣಗಳಂತೆ ಒಂದು ಮೂಲವಸ್ತು. ಕುದಿಸಿದರೆ ಸಾಯಲು ಅದು ರೋಗಾಣುವಲ್ಲ. ಸುಟ್ಟರೆ ಬೂದಿಯಲ್ಲಿರುತ್ತದೆ, ತೊಳೆದರೆ ನೀರಿನಲ್ಲಿರುತ್ತದೆ, ಹೂತರೆ ಮಣ್ಣಿನಲ್ಲಿರುತ್ತದೆ. ಮಳೆ ಬಿಸಿಲುಗಳಿಂದ ಅದು ಕೊಳೆತು ಹೋಗುವುದಿಲ್ಲ. ಇಂದು ಅಂಗಳಕ್ಕೆ ಬಿದ್ದದ್ದು ಮೊಮ್ಮಕ್ಕಳು ಆಡುವ ಕಾಲಕ್ಕೂ ಅಲ್ಲಿಯೇ ಇರುತ್ತದೆ.

ಈ ಸೀಸವು ದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ಈಗ ವಿವರಿಸುತ್ತೇನೆ.

ನುಂಗಿದ ಸೀಸವನ್ನು ಎಳೆಯ ಮಗುವಿನ ಕರುಳು ದೊಡ್ಡವರ ಕರುಳಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಮಗುವಿನ ಆಹಾರದಲ್ಲಿ ಕಬ್ಬಿಣದ ಅಂಶ ಮತ್ತು ಸುಣ್ಣದ ಅಂಶ ಕಡಮೆಯಿದ್ದರೆ ಇನ್ನೂ ಹೆಚ್ಚು ಹೀರುತ್ತದೆ. ಹೀಗಾಗಿ ಬಡವರ ಮನೆಯ, ರಕ್ತಹೀನತೆಯಿರುವ ಮಗುವಿಗೇ ಈ ವಿಷದ ಪೆಟ್ಟು ಜೋರಾಗಿ ಬೀಳುತ್ತದೆ. ರಕ್ತಹೀನತೆಯಿರುವ ಮಕ್ಕಳಲ್ಲಿ ಮಣ್ಣು ತಿನ್ನುವ ಚಟವೂ ಉಂಟು. ಆ ಮಣ್ಣಿನಲ್ಲೇ ಸೀಸವಿದ್ದರೆ ಗತಿಯೇನೆಂದು ತಾವೇ ಯೋಚಿಸಿರಿ.

ಹೊಟ್ಟೆಯನ್ನು ಸೇರಿದ ಸೀಸವು ರಕ್ತದ ಮೂಲಕ ಮಿದುಳಿಗೆ ಹೋಗುತ್ತದೆ. ಮಗುವಿನ ಮಿದುಳು ಬೆಳೆಯುತ್ತಿರುವ ಕಾಲದಲ್ಲಿ ಅದರ ಬೆಳವಣಿಗೆಯನ್ನು ಕೆಡಿಸುತ್ತದೆ. ಪ್ರಮಾಣ ಕಡಮೆಯಿರುವಾಗ ಹೊರಗೆ ಯಾವ ಚಿಹ್ನೆಯೂ ಕಾಣದು. ಮಗು ನಗುತ್ತದೆ, ಆಡುತ್ತದೆ. ಆದರೆ ಶಾಲೆಗೆ ಸೇರಿದಾಗ ಪಾಠ ತಲೆಗೆ ಹತ್ತುವುದಿಲ್ಲ, ಒಂದೆಡೆ ಕುಳಿತು ಗಮನ ಕೊಡಲಾಗುವುದಿಲ್ಲ. ಹುಡುಗ ದಡ್ಡ, ತುಂಟ ಎಂದು ಉಪಾಧ್ಯಾಯರೂ ತಂದೆತಾಯಿಯರೂ ಗದರಿಸುತ್ತಾರೆ. ಪ್ರಮಾಣ ಹೆಚ್ಚಿದಂತೆ ಹೊಟ್ಟೆನುಲಿತ, ಮಲಬದ್ಧತೆ, ಹಸಿವಿಲ್ಲದಿರುವುದು, ಬಿಳಿಚಿಕೊಳ್ಳುವುದು, ಕಾರಣವಿಲ್ಲದ ಸಿಡುಕು ಕಾಣಿಸಿಕೊಳ್ಳುತ್ತವೆ. ತೀರ ಹೆಚ್ಚಾದರೆ ಸೆಳವು ಬಂದು, ಎಚ್ಚರ ತಪ್ಪಿ, ಪ್ರಾಣವೂ ಹೋಗಬಹುದು. ಒಮ್ಮೆ ಮಿದುಳಿಗೆ ಆದ ಹಾನಿಯನ್ನು ಪೂರ್ತಿಯಾಗಿ ಸರಿಪಡಿಸುವ ಔಷಧಿ ವೈದ್ಯಶಾಸ್ತ್ರದಲ್ಲಿಲ್ಲ. ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎಂದು ಹೇಳಬಹುದಾದ ಪ್ರಮಾಣವೂ ಇಲ್ಲ.

ಗರ್ಭಿಣಿಯ ವಿಷಯವನ್ನು ಸೋದರಿಯರು ವಿಶೇಷವಾಗಿ ಗಮನಿಸಬೇಕು. ದೇಹವನ್ನು ಸೇರಿದ ಸೀಸದ ಬಹುಭಾಗವು ಮೂಳೆಗಳಲ್ಲಿ ಶೇಖರವಾಗಿ ಹತ್ತಾರು ವರ್ಷ ಉಳಿಯುತ್ತದೆ. ಹೆಣ್ಣುಮಗಳು ಗರ್ಭಿಣಿಯಾದಾಗ, ಮಗುವಿನ ಮೂಳೆಗೆ ಬೇಕಾದ ಸುಣ್ಣದ ಅಂಶವನ್ನು ಪ್ರಕೃತಿಯು ತಾಯಿಯ ಮೂಳೆಯಿಂದ ತೆಗೆದು ಕೊಡುತ್ತದೆ. ಆಗ ಅದರ ಜೊತೆಯಲ್ಲಿ ಸೀಸವೂ ರಕ್ತಕ್ಕೆ ಇಳಿಯುತ್ತದೆ. ರಕ್ತಕ್ಕೆ ಬಂದ ಸೀಸವು ಮಾಸುಚೀಲವನ್ನು ದಾಟಿ ಗರ್ಭದಲ್ಲಿರುವ ಶಿಶುವನ್ನು ಮುಟ್ಟುತ್ತದೆ. ಬಾಲ್ಯದಲ್ಲಿ ತವರಿನ ಹಿತ್ತಿಲಿನಲ್ಲಿ ನುಂಗಿದ ವಿಷ, ಮದುವೆಯಾಗಿ ಬೇರೆ ಊರಿಗೆ ಬಂದ ಮೇಲೆ ಅವಳ ಮಗುವನ್ನು ತಲಪಬಹುದು. ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಮಗುವಿನ ತೂಕ ಕಡಮೆಯಾಗುವುದು, ತಾಯಿಗೆ ರಕ್ತದೊತ್ತಡ ಏರುವುದು ಇವು ಸೀಸದಿಂದ ಆಗಬಹುದಾದ ತೊಂದರೆಗಳು.

ಸೋದರರಿಗೂ ಒಂದು ಮಾತು. ಸೀಸದ ಧೂಳಿನಲ್ಲಿ ಬಹುಕಾಲ ದುಡಿಯುವ ಗಂಡಸಿನ ವೀರ್ಯಾಣುಗಳ ಸಂಖ್ಯೆಯೂ ಶಕ್ತಿಯೂ ಕುಂದುತ್ತವೆ. ಮಕ್ಕಳಾಗದಿರಲು, ಗರ್ಭ ನಿಲ್ಲದಿರಲು ಕಾರಣಗಳು ಹಲವು. ಎಲ್ಲಕ್ಕೂ ಸೀಸವೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಸಮಾಜದಲ್ಲಿ ಮಕ್ಕಳಾಗದಿದ್ದರೆ ಮೊದಲು ಬೆರಳು ತೋರಿಸುವುದು ಸೊಸೆಯ ಕಡೆಗೆ. ಗುಜರಿ ಕರಗಿಸುವ ಕೆಲಸ ಮಾಡುವ ಮನೆಯಲ್ಲಿ ಹೀಗಾದರೆ, ಅವಳನ್ನು ದೂರುವ ಮೊದಲು ಗಂಡಹೆಂಡಿರಿಬ್ಬರೂ ಕೂಡಿ ಆಸ್ಪತ್ರೆಗೆ ಬಂದು, ಮಾಡುವ ಕೆಲಸ ಯಾವುದೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು.

ಇದು ಹೆದರಿಸಲು ಹೇಳಿದ ಮಾತೆಂದು ಭಾವಿಸಬೇಡಿರಿ. ನಡೆದ ಒಂದು ಸಂಗತಿಯನ್ನು ಕೇಳಿರಿ. ಆಫ್ರಿಕಾ ಖಂಡದಲ್ಲಿ ಸೆನೆಗಲ್ ಎಂಬ ದೇಶವಿದೆ. ಅದರ ರಾಜಧಾನಿ ಡಾಕಾರ್ ನಗರದ ಅಂಚಿನಲ್ಲಿ ತಿಯಾರೋಯ್ ಎಂಬ ಬಡವರ ಬಡಾವಣೆ. ಅಲ್ಲಿ ಹಲವು ವರ್ಷಗಳಿಂದ ಬ್ಯಾಟರಿಗಳನ್ನು ಒಡೆದು ಸೀಸ ತೆಗೆಯುತ್ತಿದ್ದರು. ಆ ಜಾಗದ ಮಣ್ಣಿನಲ್ಲಿ ಸೀಸವು ತುಂಬಿಹೋಗಿತ್ತು. ಆ ಮಣ್ಣಿಗೂ ಬೆಲೆಯಿದೆ ಎಂದು ತಿಳಿದಾಗ ಜನರು ಅದನ್ನು ಅಗೆದು, ಮನೆಗೆ ತಂದು, ಜರಡಿ ಹಿಡಿದು ಶುದ್ಧಮಾಡಿ, ಚೀಲಗಳಲ್ಲಿ ತುಂಬಿ ಮಾರತೊಡಗಿದರು. ಹೆಂಗಸರು ಜರಡಿ ಹಿಡಿಯುವಾಗ ಮಕ್ಕಳು ಪಕ್ಕದಲ್ಲಿಯೇ ಇರುತ್ತಿದ್ದರು. 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗಿನ ಕೆಲವೇ ತಿಂಗಳಲ್ಲಿ ಅಲ್ಲಿ 18 ಮಕ್ಕಳು ಸತ್ತರು. ಮೊದಲಿಗೆ ಕಾರಣವೇ ತಿಳಿಯಲಿಲ್ಲ. ಬಳಿಕ ವೈದ್ಯರು ಸತ್ತ ಮಕ್ಕಳ ಒಡಹುಟ್ಟಿದವರು, ತಾಯಂದಿರು, ನೆರೆಯವರು ಸೇರಿ 81 ಮಂದಿಯನ್ನು ಪರೀಕ್ಷಿಸಿದರು. ಒಬ್ಬರೂ ಬಿಡದಂತೆ ಎಲ್ಲರ ದೇಹದಲ್ಲಿಯೂ ಸೀಸದ ವಿಷವಿತ್ತು. ಪರೀಕ್ಷಿಸಿದ 50 ಮಕ್ಕಳ ರಕ್ತದಲ್ಲಿ ಸರಾಸರಿ ಒಂದು ಡೆಸಿಲೀಟರಿಗೆ 129.5 ಮೈಕ್ರೋಗ್ರಾಂ ಸೀಸವಿತ್ತು. ರಕ್ತದಲ್ಲಿ ಸೀಸವು 5 ಮೈಕ್ರೋಗ್ರಾಂ ಮುಟ್ಟಿದರೂ ಅದು ಎಲ್ಲಿಂದ ಬಂತೆಂದು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೇಳಿದೆ. ಈ ಎರಡು ಅಂಕಿಗಳನ್ನು ಹೋಲಿಸಿ ನೋಡಿದರೆ ಆ ಮಕ್ಕಳ ಸ್ಥಿತಿ ತಮಗೆ ಅರ್ಥವಾಗುತ್ತದೆ.

ಆ ತಾಯಂದಿರು ಕ್ರೂರಿಗಳಾಗಿರಲಿಲ್ಲ, ಹೊಟ್ಟೆಪಾಡಿಗಾಗಿ ದುಡಿಯುತ್ತಿದ್ದರು. ಮಕ್ಕಳಿಗೆ ಅನ್ನ ಹಾಕಲೆಂದು ಮಾಡಿದ ಕೆಲಸವೇ ಮಕ್ಕಳನ್ನು ತೆಗೆದುಕೊಂಡಿತು. ನಮ್ಮ ದೇಶವೂ ಈ ಕೇಡಿನಿಂದ ಹೊರತಾಗಿಲ್ಲ. ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪ್ರಪಂಚದ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸವು 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಾಗಿದೆ. ಬ್ಯಾಟರಿಗಳನ್ನು ಕ್ರಮತಪ್ಪಿ ಒಡೆದು ಕರಗಿಸುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಎಂದೂ ಆ ವರದಿ ಹೇಳುತ್ತದೆ.

ಹಾಗಾದರೆ ಕಾರ್ಖಾನೆಯಲ್ಲಿ ಇದೇ ಕೆಲಸವನ್ನು ಮಾಡುವುದಿಲ್ಲವೇ ಎಂದು ತಾವು ಕೇಳಬಹುದು. ಮಾಡುತ್ತಾರೆ. ಆದರೆ ಕ್ರಮವಾಗಿ ನಡೆಯುವ ಕಾರ್ಖಾನೆಯಲ್ಲಿ ಬ್ಯಾಟರಿಯನ್ನು ಮುಚ್ಚಿದ ಯಂತ್ರದಲ್ಲಿ ಒಡೆಯುತ್ತಾರೆ. ಆಮ್ಲವನ್ನು ಬೇರೆಯಾಗಿ ಸಂಗ್ರಹಿಸಿ ಅದರ ಉರಿಯನ್ನು ಕಳೆಯುತ್ತಾರೆ. ಹೊಗೆಯನ್ನು ಚೀಲದಂತಹ ಸೋಸುಕಗಳ ಮೂಲಕ ಹಾಯಿಸಿ ಸೀಸದ ಧೂಳನ್ನು ಹಿಡಿಯುತ್ತಾರೆ. ತೊಳೆದ ನೀರನ್ನು ಹೊರಗೆ ಬಿಡುವ ಮೊದಲು ಸಂಸ್ಕರಿಸುತ್ತಾರೆ. ಕೆಲಸಗಾರರು ಅಲ್ಲಿಯೇ ಸ್ನಾನಮಾಡಿ, ಕೆಲಸದ ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಮನೆಗೆ ಹೋಗುತ್ತಾರೆ. ಅವರ ರಕ್ತವನ್ನು ಆಗಾಗ್ಗೆ ಪರೀಕ್ಷಿಸುತ್ತಾರೆ. ಇಷ್ಟೆಲ್ಲ ಏರ್ಪಾಡು ಬೇಕಾದ ಕೆಲಸವನ್ನು ಒಂದು ಬಾಣಲೆ ಹಾಗೂ ಒಂದು ಬಕೆಟ್ ನೀರಿನಿಂದ ಹಿತ್ತಿಲಿನಲ್ಲಿ ಮಾಡಲಾಗದು.

ಆದ್ದರಿಂದ ಹಳೆಯ ಬ್ಯಾಟರಿಯನ್ನು ಒಡೆಯದೆ, ಮುಚ್ಚಳ ತೆಗೆಯದೆ, ಆಮ್ಲ ಚೆಲ್ಲದೆ ಇಡಿಯಾಗಿಯೇ ಕೊಡಿರಿ. ಹೊಸ ಬ್ಯಾಟರಿಯನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಯವರಿಗೆ ಕೊಟ್ಟರೆ ಬೆಲೆಯಲ್ಲಿ ಸೋಡಿ ಸಿಗುತ್ತದೆ. 2022ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ, ಬ್ಯಾಟರಿ ತಯಾರಿಸುವವರೇ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಕ್ರಮಬದ್ಧವಾದ ಮರುಬಳಕೆಗೆ ಕಳುಹಿಸುವ ಹೊಣೆ ಹೊರಬೇಕು. ಒಡೆದು ಕರಗಿಸಿದರೆ ನಾಲ್ಕು ಕಾಸು ಹೆಚ್ಚು ಸಿಗಬಹುದು. ಆ ನಾಲ್ಕು ಕಾಸಿನ ಎದುರಿಗೆ ಮಗುವಿನ ಬುದ್ಧಿಯನ್ನಿಟ್ಟು ತೂಗಿ ನೋಡಿರಿ.

ಇನ್ನು ಕೀಟನಾಶಕದ ಡಬ್ಬಗಳು. ತಗಡಿನ ಡಬ್ಬ ಗಟ್ಟಿಯಾಗಿದೆ, ತೊಳೆದರೆ ಕಾಳು ತುಂಬಲು, ನೀರು ಸೇದಲು ಬರುತ್ತದೆ ಎಂದು ಇಟ್ಟುಕೊಳ್ಳುವ ರೂಢಿ ಉಂಟು. ಇದು ತೀರ ಅಪಾಯಕರ. ಎಷ್ಟು ತೊಳೆದರೂ ಮಡಿಕೆಯ ಸಂದುಗಳಲ್ಲಿ ವಿಷ ಉಳಿಯುತ್ತದೆ. ಖಾಲಿಯಾದ ಡಬ್ಬವನ್ನು ಹೊಲದಲ್ಲಿಯೇ, ಔಷಧಿ ಬೆರೆಸುವಾಗಲೇ ಮೂರು ಸಾರಿ ನೀರು ಹಾಕಿ ಅಲುಗಿಸಿ, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿಯಬೇಕು. ಕೆರೆ, ಬಾವಿ, ಕಾಲುವೆಗಳ ಬಳಿ ತೊಳೆಯಬಾರದು. ನಂತರ ಡಬ್ಬಕ್ಕೆ ತೂತು ಹೊಡೆದು, ಮತ್ತೆ ಯಾರೂ ಬಳಸದಂತೆ ಮಾಡಬೇಕು. ಅದನ್ನು ಮನೆಗೆ ತರಬಾರದು, ಸುಡಬಾರದು. ವಿಲೇವಾರಿಯ ಬಗ್ಗೆ ರೈತ ಸಂಪರ್ಕ ಕೇಂದ್ರದವರನ್ನು ಕೇಳಿ ಅವರು ಹೇಳಿದಂತೆ ಮಾಡಿರಿ. ಗರ್ಭಿಣಿಯರು ಹಾಗೂ ಮಕ್ಕಳು ಈ ಡಬ್ಬಗಳನ್ನು ಮುಟ್ಟಲೇಬಾರದು.

ತಾಮ್ರಕ್ಕಾಗಿ ತಂತಿಯನ್ನು ಬೆಂಕಿಗೆ ಹಾಕಿ ಮೇಲಿನ ಪ್ಲಾಸ್ಟಿಕ್ಕನ್ನು ಸುಡುವುದೂ ಒಂದು ಬಗೆಯ ಶುದ್ಧೀಕರಣವೆಂದು ಕೆಲವರು ತಿಳಿದಿದ್ದಾರೆ. ಆ ಕಪ್ಪು ಹೊಗೆಯಲ್ಲಿ ಶ್ವಾಸಕೋಶವನ್ನು ಉರಿಸುವ ಅನಿಲವೂ, ಬಹುಕಾಲ ದೇಹದಲ್ಲಿ ಉಳಿಯುವ ವಿಷಗಳೂ ಇರುತ್ತವೆ. ತಂತಿಯನ್ನು ಸುಡದೆ ಇದ್ದಂತೆಯೇ ಮಾರಿರಿ.

ಕಡೆಯದಾಗಿ, ಗುರುತಿಲ್ಲದ ಲೋಹದ ವಸ್ತುಗಳ ಬಗ್ಗೆ ಎಚ್ಚರ. ಕ್ಯಾನ್ಸರ್ ಚಿಕಿತ್ಸೆಗೂ ಪ್ರಯೋಗಶಾಲೆಗಳಿಗೂ ಬಳಸುವ ಕೆಲವು ಯಂತ್ರಗಳೊಳಗೆ ವಿಕಿರಣ ಸೂಸುವ ಪದಾರ್ಥವಿರುತ್ತದೆ. ಅದಕ್ಕೆ ವಾಸನೆಯಿಲ್ಲ, ಮುಟ್ಟಿದ ಕ್ಷಣದಲ್ಲಿ ನೋವೂ ಇಲ್ಲ. 1987ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್ ದೇಶದ ಗೋಯಾನಿಯಾ ನಗರದಲ್ಲಿ, ಪಾಳುಬಿದ್ದ ಚಿಕಿತ್ಸಾಲಯದಿಂದ ತಂದ ಅಂತಹ ಯಂತ್ರದ ಭಾಗವೊಂದನ್ನು ಗುಜರಿಗಾಗಿ ಒಡೆದರು. ಒಳಗಿದ್ದ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಅದನ್ನು ಕುತೂಹಲದಿಂದ ಬಂಧುಗಳಿಗೆಲ್ಲ ಹಂಚಿದರು. ನಾಲ್ವರು ಸತ್ತರು, ಅವರಲ್ಲಿ ಒಬ್ಬಳು ಆರು ವರ್ಷದ ಬಾಲಕಿ. 2010ರ ಏಪ್ರಿಲ್‌ನಲ್ಲಿ ನಮ್ಮ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿಯೂ ಹೀಗೆಯೇ ಆಯಿತು. ಹರಾಜಿನಲ್ಲಿ ಕೊಂಡ ಹಳೆಯ ಉಪಕರಣವೊಂದನ್ನು ಕತ್ತರಿಸಿದಾಗ ಅದರೊಳಗಿನ ಕೋಬಾಲ್ಟ್ ಎಂಬ ಪದಾರ್ಥದ ವಿಕಿರಣದಿಂದ ಹಲವರು ಅಸ್ವಸ್ಥರಾಗಿ ಒಬ್ಬರು ಮೃತಪಟ್ಟರು. ಇಂತಹ ವಸ್ತುವನ್ನು ತೊಳೆದರೂ ಕರಗಿಸಿದರೂ ವಿಕಿರಣ ನಿಲ್ಲುವುದಿಲ್ಲ. ಗಾತ್ರಕ್ಕೆ ಮೀರಿದ ಭಾರವಿರುವ, ಭದ್ರವಾಗಿ ಮುಚ್ಚಿದ, ನಡುವೆ ಒಂದು ಚುಕ್ಕೆಯೂ ಸುತ್ತ ಫ್ಯಾನಿನಂತೆ ಮೂರು ರೆಕ್ಕೆಗಳೂ ಇರುವ ಗುರುತನ್ನು ಹೊಂದಿದ ವಸ್ತು ಕಂಡರೆ ಮುಟ್ಟಬೇಡಿರಿ. ದೂರ ಸರಿದು, ಮಕ್ಕಳನ್ನೂ ದೂರವಿರಿಸಿ, 112ಕ್ಕೆ ದೂರವಾಣಿ ಮಾಡಿ ಪೊಲೀಸರಿಗೆ ತಿಳಿಸಿರಿ.

ಈಗಾಗಲೇ ಈ ಕೆಲಸದಲ್ಲಿರುವವರು ಇಂದೇ ಬಿಡಲಾಗದಿದ್ದರೆ ಏನು ಮಾಡಬೇಕು? ಅವರಿಗಾಗಿ ಕೆಲವು ಸೂಚನೆಗಳನ್ನು ಕೊಡುತ್ತೇನೆ.

ಮೊದಲನೆಯದಾಗಿ, ಬ್ಯಾಟರಿ ಒಡೆಯುವುದನ್ನೂ ಸೀಸ ಕರಗಿಸುವುದನ್ನೂ ಮನೆ, ಶಾಲೆ, ಬಾವಿಗಳ ಬಳಿ ಕೂಡಲೇ ನಿಲ್ಲಿಸಿರಿ. ಇದರಲ್ಲಿ ರಿಯಾಯಿತಿಯಿಲ್ಲ.

ಎರಡನೆಯದಾಗಿ, ಗುಜರಿ ಆರಿಸುವ, ಸಾಗಿಸುವ ಕೆಲಸ ಮಾಡುವವರು ಅದಕ್ಕೆಂದೇ ಒಂದು ಜೊತೆ ಬಟ್ಟೆ, ಚಪ್ಪಲಿಗಳನ್ನು ಇಟ್ಟುಕೊಳ್ಳಿರಿ. ಅವನ್ನು ಮನೆಯ ಹೊರಗೇ ಬಿಟ್ಟು, ಸೋಪಿನಿಂದ ಕೈ, ಮುಖ, ತಲೆ ತೊಳೆದ ಬಳಿಕವೇ ಮಗುವನ್ನು ಎತ್ತಿಕೊಳ್ಳಿರಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಮೂರನೆಯದಾಗಿ, ಕೆಲಸದ ನಡುವೆ ಕೈ ತೊಳೆಯದೆ ಊಟ ಮಾಡುವುದು, ಬೀಡಿ ಸೇದುವುದು, ಎಲೆಅಡಿಕೆ ಹಾಕುವುದು ಬೇಡ. ಧೂಳು ಬಾಯಿಗೆ ಹೋಗುವ ನೇರವಾದ ದಾರಿ ಇದೇ.

ನಾಲ್ಕನೆಯದಾಗಿ, ಮನೆಯನ್ನು ಒಣ ಪೊರಕೆಯಿಂದ ಗುಡಿಸಿ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿರಿ. ಸೀಸ ಕರಗಿಸಿದ ಪಾತ್ರೆಯನ್ನು ಅಡುಗೆಗೆ ಬಳಸಲೇಬೇಡಿರಿ. ಕಲಾಯಿ ಹಾಕಿಸುವಾಗಲೂ ತವರಕ್ಕೆ ಸೀಸ ಬೆರೆಸಿಲ್ಲವೆಂದು ಖಚಿತಪಡಿಸಿಕೊಳ್ಳಿರಿ.

ಐದನೆಯದಾಗಿ, ಮಕ್ಕಳಿಗೂ ಗರ್ಭಿಣಿಯರಿಗೂ ರಾಗಿ, ಹಾಲು, ಮಜ್ಜಿಗೆ, ಸೊಪ್ಪು, ಹುರುಳಿ, ಬೆಲ್ಲ, ಮೊಟ್ಟೆ ಇವುಗಳಲ್ಲಿ ಮನೆಯಲ್ಲಿ ದೊರೆಯುವುದನ್ನು ಹೊತ್ತುಹೊತ್ತಿಗೆ ಕೊಡಿರಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ನುಂಗಿರಿ. ಹೊಟ್ಟೆ ತುಂಬಿದ, ರಕ್ತಪುಷ್ಟಿಯಿರುವ ದೇಹ ಸೀಸವನ್ನು ಕಡಮೆ ಹೀರುತ್ತದೆ. ಆದರೆ ಆಹಾರವು ವಿಷಕ್ಕೆ ಪ್ರತಿವಿಷವಲ್ಲ. ಸೀಸವನ್ನು ಮನೆಯಿಂದ ದೂರವಿಡುವುದೇ ಮುಖ್ಯ.

ಆರನೆಯದಾಗಿ, ಮನೆಯಲ್ಲಿ ಇಂತಹ ಕೆಲಸ ನಡೆದಿದ್ದರೆ, ಮಗು ಆರೋಗ್ಯವಾಗಿ ಕಂಡರೂ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿರಿ. ಸೀಸದ ಪ್ರಮಾಣವನ್ನು ರಕ್ತಪರೀಕ್ಷೆಯಿಂದ ಮಾತ್ರ ತಿಳಿಯಬಹುದು. ಆ ಪರೀಕ್ಷೆ ಎಲ್ಲ ಕಡೆಯೂ ಇಲ್ಲದಿರುವುದರಿಂದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಪ್ರಮಾಣ ತೀರ ಹೆಚ್ಚಿದ್ದರೆ ಸೀಸವನ್ನು ಮೂತ್ರದ ಮೂಲಕ ಹೊರಹಾಕುವ ಔಷಧಿಗಳಿವೆ. ಆದರೆ ಔಷಧಿ ಕೊಟ್ಟು ಅದೇ ಮಲಿನವಾದ ಮನೆಗೆ ಮಗುವನ್ನು ಕಳುಹಿಸಿದರೆ ಮತ್ತೆ ಅದೇ ಗತಿ. ಎದೆಹಾಲು ಕೊಡುತ್ತಿರುವ ತಾಯಿಯು ಹೆದರಿ ತಾನಾಗಿಯೇ ಹಾಲು ಬಿಡಿಸಬಾರದು. ವೈದ್ಯರ ಸಲಹೆ ಪಡೆಯಬೇಕು.

ಸೋದರ ಸೋದರಿಯರೇ, ಮನೆಯ ಹಣಕಾಸಿನ ವಿಷಯವನ್ನು ಗಂಡಸರು ನೋಡಿಕೊಳ್ಳುವರು, ಮಕ್ಕಳ ಆರೋಗ್ಯವನ್ನು ಹೆಂಗಸರು ನೋಡಿಕೊಳ್ಳುವರು ಎಂದು ಬೇರೆಬೇರೆಯಾಗಿ ಎಣಿಸುವುದರಿಂದಲೇ ಇಂತಹ ವಿಷಗಳು ಮನೆಯೊಳಗೆ ನುಸುಳುತ್ತವೆ. ಗುಜರಿ ಸಾಮಾನು ಮನೆಗೆ ಬಂದಾಗ ಹೆಂಡತಿಯು, ಇದರಲ್ಲಿ ಏನಿತ್ತು, ಇದನ್ನು ತೊಳೆದರೆ ಕೊಳೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಲಿ. ಗಂಡನು ಅದನ್ನು ಎದುರುಮಾತೆಂದು ಬಗೆಯದೆ ಉತ್ತರ ಕೊಡಲಿ. ಉತ್ತರ ಗೊತ್ತಿಲ್ಲದಿದ್ದರೆ ಆ ವಸ್ತುವನ್ನು ಹೊಸಲಿನ ಒಳಗೆ ತರದಿರಲಿ.

ಲೋಹಕ್ಕೆ ಎರಡನೆಯ ಜನ್ಮವುಂಟು, ಕರಗಿಸಿದರೆ ಹೊಸದಾಗುತ್ತದೆ. ಮಗುವಿನ ಮಿದುಳಿಗೆ ಆ ಅನುಕೂಲವಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡು ತಾವು ನಡೆಯುವಿರೆಂದೂ, ತಿಳಿದದ್ದನ್ನು ನೆರೆಹೊರೆಯವರಿಗೆ ತಿಳಿಸುವಿರೆಂದೂ ನಂಬಿ ನನ್ನ ಮಾತುಗಳನ್ನು ಮುಗಿಸುತ್ತೇನೆ.